ಏಳೂವರೆ ಅಳತೆಯ ಕೈ

ಆಸ್ಟಿಯೋಪಾತ್ ಎಂದು ಬರೆದ ಬಾಗಿಲು ತೆರೆದವಳ
ಮುಖಕ್ಕಿಂತ ಮೊದಲು ಕೈ ನೋಡಿದೆ: ಏಳೂವರೆ.
ಮಿಯೋ ಊರಲ್ಲಿ ನಲವತ್ತೊಂದು ವರ್ಷ
ಕುರಿಮರಿಯ ತೊಗಲು ಕತ್ತರಿಸಿ ಕೈಗವಸು ಹೊಲಿದವಳಿಗೆ
ಅಳತೆಪಟ್ಟಿ ಯಾಕೆ?

"ಕೂತುಕೊಳ್ಳಿ ಸೊಲಾಂಜ್, ದಿನಾ ಕೂರುವ ಹಾಗೆ."
ಕೂತೆ.
ಸುಮ್ಮನೆ ನೋಡಿದಳು, ನಾನು ತೊಗಲನ್ನು
ಬೆಳಕಿಗೊಡ್ಡಿ ಮುಳ್ಳು ಗೀರಿದ ಗುರುತು ಹುಡುಕುವ ಹಾಗೆ.

ಡಾಕ್ಟರು ಕೊಟ್ಟ ಬಿಳಿ ಗುಳಿಗೆ ಪರ್ಸಿನಲ್ಲಿತ್ತು.
ಪರೀಕ್ಷೆಗಳೆಲ್ಲ ಆಗಿವೆ, ಕೆಟ್ಟದ್ದೇನಿಲ್ಲ ಎಂದೆ,
ಆದರೂ ಉಂಡ ಮೇಲೆ ಎದೆಗೂಡಿನ ಕೆಳಗೆ
ಯಾರೋ ಸುಣ್ಣ ಕಲಸುತ್ತಾರೆ.
ರಾತ್ರಿ ಹುಳಿ ಗಂಟಲವರೆಗೆ ಬಂದು ಕದ ತಟ್ಟುತ್ತದೆ.

"ಊಟ ಎಲ್ಲಿ?"
ಹೊಲಿಗೆಯ ಮೇಜಿನಲ್ಲೇ, ಇನ್ನೆಲ್ಲಿ.
ಎಡಗೈಯಲ್ಲಿ ರೊಟ್ಟಿ, ಗುಹೆಯಲ್ಲಿ ಮಾಗಿದ ನೀಲಿ ಚೀಸು,
ಬಲಗೈಯಲ್ಲಿ ಸೂಜಿ.
ಹೊಟ್ಟೆಪಾಡಿಗೆ ಬಾಗಿದವಳು ನಾನು;
ಬಾಗಿದ್ದರ ಕೆಳಗೆ ಹೊಟ್ಟೆಯ ಪಾಡೇನೆಂದು
ಕೇಳಿದವರಿಲ್ಲ. ನಾನೂ ಕೇಳಲಿಲ್ಲ.

ಅಮ್ಮನೂ ಹೀಗೇ ಮಡಚಿಕೊಂಡಿದ್ದಳು ಕಿಟಕಿಯ ಪಕ್ಕ,
ಜೊತೆಗಿಷ್ಟು ಕಾಸೆಂದು ಹೊಲಿಯುತ್ತ.
ಉಂಡ ಮೇಲೆ ಸೋಂಪಿನ ಕಷಾಯ ಕುಡಿದು
"ನಮ್ಮ ಮನೆತನದ ಹೊಟ್ಟೆಯೇ ಹೀಗೆ" ಅನ್ನುತ್ತಿದ್ದಳು.
ಮನೆತನದ್ದು ಹೊಟ್ಟೆಯಲ್ಲ, ಕುರ್ಚಿ.
ಅದರಲ್ಲೀಗ ನಾನು.

ಮಲಗಿಸಿ, ಪಕ್ಕೆಲುಬಿನ ಅಂಚಿಗೆ ಬೆರಳಿಟ್ಟಳು.
ಒತ್ತಲಿಲ್ಲ. ಕಾದಳು.
ಒಣತೊಗಲನ್ನು ಎಳೆದರೆ ಹರಿಯುತ್ತದೆ;
ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ಅದು ಒಪ್ಪುವ ತನಕ ಕಾದು,
ಆಮೇಲೆ ಮೇಜಿನ ಅಂಚಿಗೆ ಎಳೆಯಬೇಕು, ಅಡ್ಡಕ್ಕೆ, ಉದ್ದಕ್ಕೆ.
ಇದನ್ನು ಆ ಕೈಗೆ ಯಾರು ಹೇಳಿಕೊಟ್ಟರು?

"ಇಲ್ಲೊಂದು ಉಸಿರಿನ ಪರದೆಯಿದೆ" ಎಂದಳು ಕ್ಲೆಲಿ,
"ಅನ್ನನಾಳ ಅದರ ಕಿಂಡಿಯಲ್ಲಿ ಇಳಿಯುತ್ತದೆ.
ನೀವು ಬಾಗಿದಷ್ಟೂ ಕೆಳಗಿನದು ಮೇಲಕ್ಕೆ ಒತ್ತುತ್ತದೆ.
ವಾಸಿಯಾಗುತ್ತದೆಂದು ಮಾತು ಕೊಡಲಾರೆ.
ಸ್ವಲ್ಪ ಜಾಗ ಸಿಗಬಹುದು. ಗುಳಿಗೆ ಬಿಡಬೇಡಿ."

ಜಾಗ.
ಏನೆಲ್ಲ ಹೊಟ್ಟೆಗೆ ಹಾಕಿಕೊಂಡಿದ್ದೇನೆ ಇಷ್ಟು ಜಾಗದಲ್ಲಿ:
ಕಾರ್ಖಾನೆ ಮುಚ್ಚಿದ ಸೋಮವಾರ,
ಮಾಲೀಕ ಲೆಕ್ಕದಲ್ಲಿ ನುಂಗಿದ ಮೂರು ತಿಂಗಳು,
ಫುಲ್ಕ್ರಾನ್ ಆಡಿದ ಒಂದು ಮಾತು
(ಅದನ್ನು ಇಲ್ಲಿ ಹೇಳುವುದಿಲ್ಲ).

ಅಷ್ಟರಲ್ಲಿ ಹೊಟ್ಟೆ ಗುಡುಗಿತು,
ಬೇಸಿಗೆಯಿಡೀ ಒಣಗಿದ ಕೊಳವೆಗೆ ನೀರು ಬಿಟ್ಟ ಹಾಗೆ,
ಉದ್ದಕ್ಕೆ, ನಾಚಿಕೆಯಿಲ್ಲದೆ.
ಕ್ಷಮಿಸಿ ಅನ್ನಲು ಬಾಯಿ ತೆರೆದರೆ ನಗು ಬಂತು.
ಅವಳ ಕೈಯೂ ನನ್ನ ಮೇಲೆ ನಗುತ್ತಿತ್ತು.

ಮೂರು ವಾರ. ಹುಳಿ ಈಗಲೂ ಬರುತ್ತದೆ, ದಿನಾ ಅಲ್ಲ.
ಕುರ್ಚಿಯ ಕಾಲುಗಳ ಕೆಳಗೆ ಮರದ ತುಂಡು ಕೊಟ್ಟಿದ್ದೇನೆ.
ಮಧ್ಯಾಹ್ನ ಸೂಜಿ ಚುಚ್ಚಿಟ್ಟು ತಾರ್ನ್ ನದಿಯ ದಂಡೆಗೆ ಹೋಗಿ
ಬಿಸಿಲುಂಡ ಗೋಡೆಗೆ ಬೆನ್ನು ಕೊಟ್ಟು ತಿನ್ನುತ್ತೇನೆ, ನಿಧಾನ.
ಅಷ್ಟೆತ್ತರದಲ್ಲಿ ಆ ದೊಡ್ಡ ಸೇತುವೆ.
ಕಟ್ಟಿ ಎಷ್ಟೋ ವರ್ಷವಾಯಿತು,
ನಾನು ತಲೆಯೆತ್ತಿ ನೋಡಿದ್ದು ಈಗ.

ಅವಳಿಗೊಂದು ಜೊತೆ ಹೊಲಿಯುತ್ತಿದ್ದೇನೆ, ಏಳೂವರೆ.
ಬಲಗೈ ಹೆಬ್ಬೆರಳಿಗೆ ಕೂದಲೆಳೆಯಷ್ಟು ಸಡಿಲ ಬಿಟ್ಟು.
ಅಲ್ಲಿ ನೋವಿದೆ ಅವಳಿಗೆ.
ಹೇಳಿಲ್ಲ.