ಬಲಗಿವಿಗೆ ಕೆಂಪು ಸೊನ್ನೆ

ಬನಹಟ್ಟಿಯಲ್ಲಿ ಕಿವಿ ಅಳೆಯಬೇಕಾದರೆ
ಮೊದಲು ಕರೆಂಟು ಹೋಗಬೇಕು.

ಹೋಯಿತು, ಹನ್ನೊಂದೂವರೆಗೆ.
ಓಣಿ ಓಣಿಯ ಮಗ್ಗಗಳು ಒಂದೇ ಏಟಿಗೆ ನಿಂತವು.
ಲಾಳಿ ಎಲ್ಲಿತ್ತೋ ಅಲ್ಲೇ, ಹಾಸಿನ ನಡುವೆ,
ದಾರ ಕಚ್ಚಿಕೊಂಡು ಕೂತಿತು.
ಆಗ ಕೇಳಿಸಿದ್ದು ಒಂದು ಕೋಳಿ,
ಯಾರೋ ಕೊಡಕ್ಕೆ ನೀರು ಬಗ್ಗಿಸುವುದು,
ಮತ್ತೆ ಇಡೀ ಊರು, ರೂಢಿಯಂತೆ,
ಇನ್ನೂ ಕೂಗಿಯೇ ಮಾತಾಡುತ್ತಿರುವುದು.

ಶಾಲೆಯ ಸಾಮಾನಿನ ಕೋಣೆ. ಕಿಟಕಿಗೆ ಎರಡು ಕೌದಿ ಹೊಡೆದಿದ್ದೆ.
ಯಂತ್ರಕ್ಕೆ ಬ್ಯಾಟರಿ ಇತ್ತು.
ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಕತ್ತರಿ.
"ಸಪ್ಪಳ ಎಷ್ಟ ಸಣ್ಣದಿದ್ರೂ ಗುಂಡಿ ಒತ್ರಿ,
ಕೇಳ್ಸಿದಂಗಾತು ಅಂದ್ರೂ ಒತ್ರಿ."

ಮಕ್ಕಳು ಮೊದಲು. ಏಳನೆಯ ಇಯತ್ತೆ.
ಎಂಟು ಸಾವಿರದ ದನಿ, ಎಲೆಯ ಮೇಲೆ
ಇರುವೆ ನಡೆದಷ್ಟು ಸದ್ದು; ಟಕ್ ಎಂದು ಒತ್ತಿದರು.
ಗೆರೆ ಕಾಗದದ ನೆತ್ತಿಯಲ್ಲಿ ಹೊಸ ಹಗ್ಗದ ಹಾಗೆ ಬಿಗಿ.
ಗಂಡೋ ಹೆಣ್ಣೋ, ಗೆರೆ ನೋಡಿ ಹೇಳಲಾಗದು.

ರಾಚಪ್ಪ ಹೂಲಿ, ಐವತ್ತೆರಡು. ಮೂವತ್ತೈದು ವರ್ಷದ ಮಗ್ಗ.
ಗೆರೆ ಎರಡು ಸಾವಿರದ ತನಕ ಸಪಾಟು ರಸ್ತೆ,
ಮೂರಕ್ಕೆ ಇಳಿಜಾರು, ನಾಲ್ಕಕ್ಕೆ ಬಾವಿ.
ಬಾವಿಗೆ ಬಿದ್ದವು ಸ, ಶ, ಚ, ತ-ದ ಚೂಪು ತುದಿ.
ಸ್ವರಗಳು ಮಾತ್ರ ಮೇಲೆ ತೇಲುತ್ತವೆ.
ಹೆಂಡತಿ "ಸಾಸಿವಿ ತಂದ್ರೇನು" ಎಂದರೆ
ಅವನಿಗೆ ತಲುಪುವುದು ಆ, ಇ, ಅ, ಏನು.
ಉಳಿದದ್ದನ್ನು ಅವಳ ಮುಖ ನೋಡಿ ತುಂಬಿಕೊಳ್ಳುತ್ತಾನೆ,
ತಪ್ಪು ತುಂಬಿ ಬೈಸಿಕೊಳ್ಳುತ್ತಾನೆ.
"ನಾ ಕಿವುಡ ಅಲ್ರೀ ಬಾಯಾರ,
ಆಕೀನ ಬಾಯಾಗ ಗುಣುಗುಣು ಅಂತಾಳ."

ಆಕೆ ಶಂಕ್ರವ್ವ, ಐವತ್ತು. ಕಟ್ಟೆಯ ಮೇಲೆ ಕೂತು
ಕಂಡಿಕೆ ಸುತ್ತುವವಳು. ಗೆರೆ ಅವನದಕ್ಕಿಂತ ಮೂರು ಬೆರಳು ಮೇಲೆ.
ನಾನು ಓದಿದ್ದೂ ಹಾಗೇ:
ಎತ್ತರದ ದನಿಗಳನ್ನು ಹೆಣ್ಣಿನ ಕಿವಿ ತಡವಾಗಿ ಬಿಟ್ಟುಕೊಡುತ್ತದೆ,
ಗಂಡಿನದು ಹರೆಯ ಮುಗಿಯುವ ಮೊದಲೇ ಜಾರತೊಡಗುತ್ತದೆ.
ವಯಸ್ಸು ಬಾಗಿಲು ಬಡಿಯುವುದು ಸಣ್ಣ ದನಿಯಲ್ಲಿ,
ಅದಕ್ಕೇ ಯಾರಿಗೂ ಕೇಳಿಸುವುದಿಲ್ಲ.

ಗಂ, ಹೆ. ಎರಡು ಖಾನೆ, ಚಂದವಾಗಿ ತುಂಬುತ್ತಿದ್ದವು.

ಹಾಜರಾಬಿ ಮೋಮಿನ ಬಂದಳು, ನಲವತ್ತೇಳು.
ಗಂಡ ಹಾಸಿಗೆ ಹಿಡಿದಂದಿನಿಂದ ನಾಲ್ಕು ಮಗ್ಗ ಅವಳವೇ,
ಹತ್ತೊಂಬತ್ತು ವರ್ಷ.
ಕಾಗದದಲ್ಲಿ ಅದೇ ಬಾವಿ, ಅದೇ ಜಾಗ,
ರಾಚಪ್ಪನದಕ್ಕಿಂತ ಆಳ.
"ಹೆ" ಎಂದು ಬರೆದವಳು ಪೆನ್ನು ಎತ್ತದೆ ಕೂತೆ.
ಕಿವಿಗೆ ಗಂಡುಹೆಣ್ಣು ಇದೆ, ಸರಿ; ಮಗ್ಗಕ್ಕೆ ಇಲ್ಲ.
ಗೆರೆ ತೋರಿಸಿದೆ. ಕಣ್ಣು ಕಿರಿದು ಮಾಡಿ ನೋಡಿ
ನಕ್ಕಳು, ಕೋಣೆ ತುಂಬುವ ಹಾಗೆ:
"ನಮ್ಮ ಸೀರಿ ದಡಿಯಾಗ ಬರೂ ಗುಡೀನ ಇದು.
ತೆಳಗ ಮ್ಯಾಲ ಮಾಡೀರಲ್ರೀ!"

ಎಂಬತ್ತಾರರ ಗುರುಬಸವ್ವನಿಗೆ ದಪ್ಪ ದನಿಯೂ ಇಲ್ಲ.
ನಾನು ಸುಮ್ಮನಿದ್ದಾಗಲೂ ಆಗಾಗ ಗುಂಡಿ ಒತ್ತುತ್ತಿದ್ದಳು,
ತನ್ನದೇ ಲೆಕ್ಕದಲ್ಲಿ, ತಲೆ ತೂಗುತ್ತ.
ಅವಳಿಗೆ ಏನು ಕೇಳಿಸಿತು ಎಂದು
ಕೇಳುವ ದಾರಿ ನನಗೆ ಗೊತ್ತಾಗಲಿಲ್ಲ.

ಸಂಜೆ, ಯಂತ್ರ ಕಟ್ಟುವ ಮುಂಚೆ,
ಕಸ ಹೊಡೆಯಲು ನಿಂತ ಚೈತ್ರಾಳ ಕಿವಿಗೆ
ಆಟಕ್ಕೆಂದು ಹದಿನಾರು ಸಾವಿರದ ದನಿ ಇಟ್ಟೆ.
ಒಂದು ಕಡೆ ನನ್ನ ಕಿವಿಗೂ ಆನಿಸಿಕೊಂಡೆ.
ಅವಳು ಮುಖ ಕಿವಿಚಿದಳು: "ಅಬ್ಬಾ, ಎಷ್ಟ ಜೋರ್ರೀ!"
ನನಗೆ ನಲವತ್ಮೂರು. ನನ್ನ ಬದಿಯಲ್ಲಿ
ಹತ್ತಿಯ ಹಾಗೆ ಒಂದು ಬಿಳುಪು, ಅಷ್ಟೆ.
ದೀಪ ಮಾತ್ರ ಉರಿಯುತ್ತಿತ್ತು,
ದನಿ ಹೋಗುತ್ತಿದೆ ಎಂಬುದಕ್ಕೆ.
ಇಷ್ಟು ದಿನ ಇಲ್ಲದ್ದನ್ನು ಇದೆಯೆಂದು ನಂಬಿ
ಊರಿಗೆಲ್ಲ ಹಂಚಿದ್ದೆನೆ?

ಅಷ್ಟರಲ್ಲಿ ಕರೆಂಟು ಬಂತು.
ಪಕ್ಕದ ಓಣಿ, ಆಚೆ ಓಣಿ, ಮತ್ತೆ ನೆಲ ನಡುಗಿತು.
ಕಿವಿಯ ಮುಚ್ಚಳ ತೆಗೆಯದೆಯೇ ಹುಡುಗಿ
ನನ್ನ ಕಡೆ ನೋಡುತ್ತ ಏನೋ ಅಂದಳು:
ಆ, ಇ, ಅ.
ಮುಖ ನೋಡಿ ತುಂಬಿಕೊಂಡೆ.