ಖಾಲಿ ಗುಳ್ಳೆ

ಫೋರ್ಟ್ ಕೆಂಟಿನ ಶಾಲೆಯಲ್ಲಿ ಪುಸ್ತಕ ಕೊಡುವವನು ನಾನು,
ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ, ಅದೇ ಮೊಹರು.
ಬೆನ್ನ ಹಿಂದೆ 'ಸದ್ದು ಮಾಡಬೇಡಿ' ಎಂಬ ಹಲಗೆ.
ಅದನ್ನೋದಿ ನಿಜವೆಂದು ನಂಬಿದವಳು
ಆರನೇ ಕ್ಲಾಸಿನ ಎಲೋಡಿ ಒಬ್ಬಳೇ.

ಅವಳ ಮನೆತನಕ್ಕೆ ಈ ಕಣಿವೆಯಲ್ಲಿ 'ವಿಲೆಟ್' ಅಂತೇವೆ.
ದಕ್ಷಿಣದಿಂದ ಬಂದ ಹೊಸ ಟೀಚರು
ಬರೆದ ಹಾಗೇ ಓದಿ 'ಔಲೆಟ್ಟೆ' ಅಂದರು.
ತಿದ್ದಲು ಬಾಯಿ ಬರದೆ ಕೈ ಎತ್ತಿದಳು.
ಅಂದಿನಿಂದ ವಾರಕ್ಕೈದು ದಿನ
ಯಾರದೋ ಹೆಸರಿಗೆ ಇವಳು ಹಾಜರು.

ಒಯ್ಯುವುದೆಲ್ಲ ಚಿತ್ರಕಾದಂಬರಿ, ತರುವುದೆಲ್ಲ ತಡ.
ಒಳಗೊಂದು ಹಾಳೆ ಮರೆತಂತೆ ಇರುತ್ತದೆ,
ನಾಲ್ಕು ಮಡಿಕೆ, ಆರು ಚೌಕ.
ಬಸ್ಸಿನ ಡ್ರೈವರಿನ ತಲೆ ಮೇಲೆ ಮಾತಿನ ಗುಳ್ಳೆ,
ಊಟದ ಸಾಲಿನಲ್ಲಿ ಗುಳ್ಳೆಗೆ ಗುಳ್ಳೆ ಢಿಕ್ಕಿ,
ತಟ್ಟೆಯಲ್ಲಿನ ಬಟಾಣಿ ಕೂಡ ಏನೋ ಗೊಣಗುತ್ತದೆ.
ಮೂಲೆಯಲ್ಲಿ ಜಡೆಯ ತುದಿ ಕಚ್ಚುವ ಹುಡುಗಿ.
ಅವಳಿಗೂ ಒಂದು ಗುಳ್ಳೆ,
ಎಲ್ಲರದಕ್ಕಿಂತ ದೊಡ್ಡದು, ದುಂಡಗೆ,
ಬಾಲ ನೀಟಾಗಿ ಬಾಯಿಗೇ ಮುಟ್ಟಿಸಿದ್ದು.
ಒಳಗೆ ಬಿಳಿ.

ಸೆಪ್ಟೆಂಬರಿನಲ್ಲಿ ಆಲೂಗಡ್ಡೆ ಕೀಳುವ ರಜೆ.
ಶಾಲೆಗೆ ಬೀಗ, ಮಕ್ಕಳೆಲ್ಲ ಹೊಲಕ್ಕೆ.
ರಜೆ ಮುಗಿದು ಬಂದ ಹಾಳೆಯಲ್ಲಿ ಒಂದೇ ಚೌಕ, ಉದ್ದಕ್ಕೆ:
ಯಂತ್ರದ ಪಟ್ಟಿ ಓಡುತ್ತಿದೆ, ಗೆಡ್ಡೆ, ಮಣ್ಣು, ಕಲ್ಲು.
ಆ ಗದ್ದಲದಲ್ಲಿ ಯಾರ ಮಾತೂ ಯಾರಿಗೂ ಕೇಳದು.
ಚಿಕ್ಕಪ್ಪನ ಗುಳ್ಳೆ ಖಾಲಿ, ಅಜ್ಜಿಯ ಗುಳ್ಳೆ ಖಾಲಿ,
ಕ್ಲಾಸಿನ ಬಾಯಿಬಡುಕ ರೆಮಿಯ ಗುಳ್ಳೆಯೂ ಖಾಲಿ.
ಮುಷ್ಟಿ ಹಿಡಿದರೆ ಕಲ್ಲು ಬಂತು,
ಅಂಗೈ ತೋರಿದರೆ ನಿಲ್ಲಿಸು, ಅಷ್ಟೇ ಭಾಷೆ.
ನಡುವೆ ನಿಂತ ಜಡೆಯ ಹುಡುಗಿ ನಗುತ್ತಿದ್ದಾಳೆ.
ಅವಳ ಹಲ್ಲು ನಾನು ನೋಡಿದ್ದು ಅದೇ ಮೊದಲು,
ಅದೂ ಪೆನ್ಸಿಲಿನಲ್ಲಿ.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ ನಾನು.
ಒಂದು ಸಂಜೆ ನೀಲಿ ಶಾಯಿಯಲ್ಲಿ
ಅವಳ ಗುಳ್ಳೆಯೊಳಗೆ 'ಹಲೋ' ಅಂತ ಬರೆದು
ಮುಂದಿನ ಪುಸ್ತಕದಲ್ಲಿಟ್ಟು ಕಳಿಸಿದೆ.
ಒಳ್ಳೆಯದೇ ಮಾಡಿದೆ ಅಂದುಕೊಂಡು ಎರಡು ದಿನ
ಸೀಟಿ ಹಾಕಿಕೊಂಡು ಓಡಾಡಿದೆ.

ಬಂದ ಉತ್ತರ ಆರು ಚೌಕ.
ಬಸ್ಸಿದೆ, ಊಟದ ಸಾಲಿದೆ, ಬಟಾಣಿ ಇದೆ.
ಮೂಲೆಯ ಕುರ್ಚಿ ಬರಿದು.
ಕೊನೆಯ ಚೌಕದಲ್ಲಿ ಕಸದ ಬುಟ್ಟಿ,
ಅದರಂಚಿಗೆ ನನ್ನ 'ಹಲೋ' ನೇತಾಡುತ್ತಿತ್ತು,
ನನ್ನದೇ ಅಕ್ಷರ, ವಕ್ರ ಸಮೇತ.

ಆಡಿದ ಮಾತು ಹೋಯಿತು ಅಂತಾರೆ.
ಬೇರೆಯವರ ಬಾಯಲ್ಲಿ ಆಡಿಸಿದ್ದು
ಎಲ್ಲಿಗೆ ಹೋಗುತ್ತದೋ, ಯಾರೂ ಹೇಳಿಕೊಟ್ಟಿಲ್ಲ.

ನದಿಯಾಚೆಯ ಕೆನಡಾದಲ್ಲಿ ಮೊದಲು, ಆಮೇಲೆ ನಮ್ಮಲ್ಲಿ
ಹಿಮ ಬಿತ್ತು. ನನಗೆ ಚಿತ್ರ ಬರುವುದಿಲ್ಲ.
ಆದರೂ ನನ್ನನ್ನೇ ಬರೆದೆ:
ಕನ್ನಡಕ ಹಾಕಿದ ಆಲೂಗಡ್ಡೆ, ಎರಡು ಕಡ್ಡಿ ಕೈ.
ತಲೆ ಮೇಲೊಂದು ಗುಳ್ಳೆ, ಕೈ ನಡುಗಿ ಮೊಟ್ಟೆಯಾಯಿತು.
ಒಳಗೆ ಏನೂ ಬರೆಯಲಿಲ್ಲ.
ಬರೆಯಲು ಹೊರಟು, ಪೆನ್ನು ಮುಚ್ಚಿದೆ.

ಒಂಬತ್ತು ದಿನ ತಡವಾಗಿ ಬಂದಳು.
ಮೇಜಿನ ಮೇಲೆ ಹಾಳೆ ಬಿಡಿಸಿ
ಅದನ್ನು ನೋಡಿದಳು, ನನ್ನನ್ನು ನೋಡಿದಳು,
ಮತ್ತೆ ಅದನ್ನು.
ಎಣ್ಣೆ ಕಾಣದ ತಿರುಗಣಿಯಂಥ ದನಿ:

'ಕಿವಿ ಚಿಕ್ಕದಾಯಿತು.
ನಿಮ್ಮದು ಇನ್ನೂ ದೊಡ್ಡದು.'

ಹಿಂದಿನ ಮೇಜಿನಲ್ಲಿ ಯಾರೋ ಕಿಸಕ್ಕೆಂದರು.
ಕತ್ತಿನಿಂದ ಹಣೆವರೆಗೆ ಕೆಂಪೇರಿತು, ಓಡಲಿಲ್ಲ.
ಜೇಬಿಂದ ಮೋಟು ಪೆನ್ಸಿಲು ತೆಗೆದು
ಬಲಗಿವಿ ಅಳಿಸಿ, ಹೊಸದು ಹಚ್ಚಿದಳು,
ಎಲೆಕೋಸಿನ ಎಲೆಯಂಥದ್ದು, ನರ ಸಮೇತ.
ಗುಳ್ಳೆಗೆ ಮಾತ್ರ ಕೈ ಹಚ್ಚಲಿಲ್ಲ.
ಅಷ್ಟರಲ್ಲಿ ಗಂಟೆ ಹೊಡೆಯಿತು.

ತೊಂಬತ್ತು ಸೆಂಟು ದಂಡ ಅಂದೆ. ಎಣಿಸಿ ಕೊಟ್ಟಳು.
ನಾಳೆಯ ಹಾಜರಿಯಲ್ಲಿ ಅವಳಿನ್ನೂ ಔಲೆಟ್ಟೆಯೇ.
ಹಾಳೆ ನನ್ನ ಮೇಜಿನ ಗಾಜಿನಡಿ ಇದೆ.
ಎಡಗಿವಿ ಬಾಕಿ. ಮುಂದಿನ ಪುಸ್ತಕದ ಹೊತ್ತಿಗೆ,
ಅದೂ ತಡವಾಗಿ ಬಂದರೆ, ನೋಡಬೇಕು.