ಗಡ್ಡಿ

ಶಕ್ತಿನಗರದ ವೇಬ್ರಿಜ್ಜಿನ ಕೋಣೆಯಲ್ಲಿ
ಬೂದಿ ಲಾರಿಗಳಿಗೆ ಚೀಟಿ ಹರಿದುಕೊಡುವವ ನಾನು,
ಹುಸೇನಪ್ಪ ಗಡ್ಡಿ.
ಎದೆಯ ಬಿಲ್ಲೆಯ ಮೇಲೆ ಹೆಸರು ಇಂಗ್ಲಿಷಿನಲ್ಲಿದೆ,
ಓದುವವರದು ಅವರವರ ಬಾಯಿ.

ಪಂಜಾಬಿನ ಡ್ರೈವರ್ ಹಾರ್ನ್ ಒತ್ತಿ ನಗುತ್ತಾನೆ:
ನಮ್ಮಲ್ಲಿ ಗಡ್ಡಿ ಅಂದರೆ ಇದೇ, ಈ ಲಾರಿ!
ಚಹಾ ತರುವ ಮಹಬೂಬನಿಗೆ ಅದು ಗದ್ದಿ,
"ಕೂಡ್ರಿ ಸಾಹೇಬ್ರ, ನಿಮ್ದಽ ಸಿಂಹಾಸನ"
ಎಂದು ಮುರಿದ ಕುರ್ಚಿ ಒರೆಸುತ್ತಾನೆ.
ಹೊಳೆಯಾಚೆ ಮಕ್ತಲದಿಂದ ಬಂದ ಸೊಸೆ
ಮದುವೆಯಾದ ವಾರಕ್ಕೇ ಕೇಳಿದ್ದಳು
ಮೆಲ್ಲಗೆ, ಎಮ್ಮೆಗೆ ಮೇವು ಹಾಕುತ್ತ:
ಹುಲ್ಲು ಅಂತ ಯಾರಾದರೂ
ಅಡ್ಡಹೆಸರು ಇಟ್ಟುಕೊಂತಾರೇನ್ರಿ ಮಾವ?

ದೊಡ್ಡಪ್ಪನ ವಾದ ಬೇರೆ:
ಉಳ್ಳಾಗಡ್ಡಿ ಮಾರುವವರು ನಾವು,
ಸಾಲಿ ಮಾಸ್ತರನ ರಿಜಿಸ್ಟರಿನಲ್ಲಿ ಅಂಕಣ ಸಣ್ಣದಿತ್ತು,
ಉಳ್ಳಾ ಹೊರಗುಳಿಯಿತು.

ಅವ್ವ ಅಮರಮ್ಮ ಸಾಯುವ ತನಕ ಒಪ್ಪಲಿಲ್ಲ.
"ನಡುಗಡ್ಡಿಯವರೋ ನಾವು.
ಹೊಳಿ ಬಂದ ರಾತ್ರಿ ಹರಗೋಲದಾಗ
ಎರಡು ಆಡು, ಒಂದು ಒಳ್ಳು, ಹೊಟ್ಟ್ಯಾಗ ನೀನು.
ಮಣ್ಣು ತರಾಕ ಜಾಗ ಇರಲಿಲ್ಲ,
ಹೆಸರು ತಂದ್ವಿ."

ಎಲ್ಲರಿಗೂ ಹೂಂ ಅಂದಿದ್ದೇನೆ.

ಕಿಟಕಿಯ ಕೆಳಗೆ, ಬೂದಿಗೆ ಬೆಳ್ಳಗಾದ ಚೀಲದಲ್ಲಿ
ಮರೆತುಬಿಟ್ಟ ಉಳ್ಳಾಗಡ್ಡಿಯೊಂದು
ಮಣ್ಣಿಲ್ಲ, ನೀರಿಲ್ಲ,
ಹಸಿರು ಬಾಲ ಬಿಟ್ಟಿದೆ.
ಲಾರಿ ಇಲ್ಲದ ಹೊತ್ತು ನೋಡಿ
ತೂಕದ ಹಾಸಿನ ಮೇಲಿಟ್ಟು ಬಂದೆ.
ಹತ್ತು ಕೇಜಿಗಿಂತ ಕಡಿಮೆಯದು
ಈ ಯಂತ್ರಕ್ಕೆ ಕಾಣುವುದಿಲ್ಲ.
ಚೀಟಿ ಮಾತ್ರ ಹೊರಬಂತು,
ಸೊನ್ನೆಯ ಕೆಳಗೆ ನನ್ನ ಹೆಸರು.